ಮೊಟ್ಟೆಗೆ ಕಾಯಲು ಗೊತ್ತಿಲ್ಲ

ಮನೆ ಹತ್ತಿರದ ಬ್ರಂಚ್ ರೆಸ್ಟೋರೆಂಟ್‌ಗೆ ನಾನೂ ಅಮ್ಮನೂ ಹೋಗಲು ಶುರು ಮಾಡಿ ಎರಡು ವರ್ಷದ ಮೇಲಾಯಿತು. ಹೆಚ್ಚೂ ಕಡಿಮೆ ಪ್ರತಿ ಭಾನುವಾರ ಹೋಗುತ್ತೇವೆ. ಮೊದಲ ಸಲ ಕರೆದುಕೊಂಡು ಹೋದಾಗ ಅಮ್ಮ ಮೆನು ಕೈಯಲ್ಲಿ ಹಿಡಿದುಕೊಂಡು, "ಇದು ತಿಂಡಿನೋ ಊಟಾನೋ, ಮೊದಲು ಅದು ಹೇಳೇ" ಅಂದಳು. ಎರಡೂ ಅಮ್ಮ, ಅಂದೆ. "ಹಾಗಾದ್ರೆ ನಿಧಾನಕ್ಕೆ ತಿನ್ನೋಣ ಬಿಡು" ಅಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

ಬ್ರಂಚ್ ಅನ್ನುವ ಪದ ಹುಟ್ಟಿದ್ದೂ ಈ ನಿಧಾನಕ್ಕಾಗಿಯೇ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಬರಹಗಾರ 'ಹಂಟರ್ಸ್ ವೀಕ್ಲಿ' ಪತ್ರಿಕೆಯಲ್ಲಿ ಇದರ ಪರವಾಗಿ ಒಂದು ಲೇಖನ ಬರೆದ. ಭಾನುವಾರ ಚರ್ಚಿನಿಂದ ಬಂದು ಭಾರಿ ಊಟಕ್ಕೆ ಕೂರುವುದು ಯಾಕೆ? ತಡವಾಗಿ ಏಳೋಣ, ಮಧ್ಯಾಹ್ನದ ಹೊತ್ತಿಗೆ ಚಹಾನೋ ಕಾಫಿನೋ ಕುಡಿದು ಶುರು ಮಾಡೋಣ, ಮೊದಲು ಹಗುರವಾದದ್ದು, ಆಮೇಲೆ ಗಟ್ಟಿಯಾದದ್ದು. ಶನಿವಾರ ರಾತ್ರಿ ತಡವಾಗಿ ಮಲಗಿದವರಿಗೂ ಅನುಕೂಲ. ಇದು ಅವನ ವಾದ. ಹೀಗೆ ಕೂತು ತಿಂದರೆ ಜನ ಮಾತಾಡುತ್ತಾರೆ, ವಾರವಿಡೀ ತಲೆಯಲ್ಲಿ ಕಟ್ಟಿದ ಜೇಡರಬಲೆ ಹೋಗುತ್ತದೆ ಅಂತಲೂ ಬರೆದಿದ್ದ. ನನಗೆ ಈ ಮಾತು ತುಂಬ ಇಷ್ಟ. ವಾರದಲ್ಲಿ ಆರು ದಿನ ನಾನೂ ಅಮ್ಮನೂ ಒಂದೇ ಮನೆಯಲ್ಲಿದ್ದರೂ ಸರಿಯಾಗಿ ಮಾತಾಡುವುದು ಆ ಮೇಜಿನ ಮುಂದೆ ಕೂತಾಗಲೇ.

ಆದರೆ ಅಡುಗೆಮನೆಯ ಕಡೆಯಿಂದ ನೋಡಿದರೆ ಬ್ರಂಚ್‌ನಲ್ಲಿ ನಿಧಾನ ಅನ್ನುವುದೇ ಇಲ್ಲ. ಇದನ್ನು ನಾನು ತಡವಾಗಿ ಕಲಿತೆ. ಕಲಿತದ್ದು ಒಂದು ಜಗಳದಿಂದ.

ಕೆಲವು ತಿಂಗಳ ಹಿಂದಿನ ಮಾತು. ಅಮ್ಮ ಯಾವಾಗಿನಂತೆ ಎಗ್ಸ್ ಬೆನೆಡಿಕ್ಟ್ ಹೇಳಿದ್ದಳು. ಸುಟ್ಟ ಮಫಿನ್ ಬ್ರೆಡ್ ಮೇಲೆ ಪೋಚ್ ಮಾಡಿದ, ಅಂದರೆ ಒಡೆದು ಬಿಸಿನೀರಿಗೆ ಬಿಟ್ಟು ಬೇಯಿಸಿದ ಮೊಟ್ಟೆ, ಅದರ ಮೇಲೆ ಬೆಣ್ಣೆ ಮತ್ತು ಮೊಟ್ಟೆಯ ಹಳದಿಯಿಂದ ಮಾಡಿದ ಹಾಲಂಡೇಸ್ ಸಾಸ್. ಅಮ್ಮನಿಗೆ ಅದರಲ್ಲಿ ಒಂದೇ ಖುಷಿ. ಚಾಕು ತಾಗಿಸಿದ ಕೂಡಲೇ ಹಳದಿ ಹರಿದು ಬ್ರೆಡ್ಡಿಗೆ ಇಳಿಯಬೇಕು. ಅವತ್ತು ನಲವತ್ತು ನಿಮಿಷ ಕಾದ ಮೇಲೆ ತಟ್ಟೆ ಬಂತು. ಸೀಳಿದರೆ ಹಳದಿ ಕದಲಲಿಲ್ಲ. ಗಟ್ಟಿಯಾಗಿ, ಅಂಚಿನಲ್ಲಿ ಪುಡಿಪುಡಿಯಾಗಿತ್ತು. ಸಾಸ್ ಒಡೆದು ಎಣ್ಣೆ ಬೇರೆ, ಮೊಟ್ಟೆ ಬೇರೆ ಆಗಿತ್ತು. ನನಗೆ ಸಿಟ್ಟು ಬಂತು. "ಒಂದು ಮೊಟ್ಟೆ ಬೇಯಿಸೋಕೆ ಬರಲ್ವಾ ನಿಮ್ಮ ಅಡುಗೆಯವರಿಗೆ?" ಅಂತ ಸರ್ವರ್ ಹುಡುಗನಿಗೆ ಜೋರಾಗಿಯೇ ಕೇಳಿದೆ. ಅವನು "ಸಾರಿ ಮೇಡಂ, ಬೇರೆ ತರ್ತೀನಿ" ಅಂದು ತಟ್ಟೆ ತಗೊಂಡು ಹೋದ. ಬೇರೆ ಬಂತು, ಚೆನ್ನಾಗಿಯೂ ಇತ್ತು. ಆದರೆ ಅಷ್ಟರಲ್ಲಿ ನನ್ನ ತಟ್ಟೆ ಖಾಲಿಯಾಗಿತ್ತು. ನಾನು ತಿನ್ನುವಾಗ ಅಮ್ಮ ಸುಮ್ನೆ ಕೂತಿದ್ದಳು, ಅಮ್ಮ ತಿನ್ನುವಾಗ ನಾನು ಸುಮ್ನೆ ಕೂತಿದ್ದೆ. ಕೆಟ್ಟ ಮೊಟ್ಟೆಗಿಂತ ಅದೇ ನನಗೆ ಜಾಸ್ತಿ ಬೇಜಾರಾದದ್ದು. ಜೊತೆಯಲ್ಲಿ ತಿನ್ನೋಕೆ ಅಂತ ಹೋಗಿದ್ವಿ, ಅಲ್ವಾ?

ಮುಂದಿನ ವಾರ ಹೋದಾಗ ಕಿಟಕಿ ಪಕ್ಕದ ಮೇಜು ಸಿಗಲಿಲ್ಲ. ಅಡುಗೆಮನೆಯ ಎದುರಿಗಿನದು ಸಿಕ್ಕಿತು. ಅಲ್ಲಿ ಗೋಡೆಯಲ್ಲಿ ಒಂದು ಅಗಲವಾದ ಕಿಂಡಿ ಇದೆ. ಸಿದ್ಧವಾದ ತಟ್ಟೆಗಳನ್ನು ಆ ಕಟ್ಟೆಯ ಮೇಲಿಡುತ್ತಾರೆ, ಸರ್ವರ್‌ಗಳು ಅಲ್ಲಿಂದ ಎತ್ತಿಕೊಂಡು ಹೋಗುತ್ತಾರೆ. ಆರದೆ ಇರಲಿ ಅಂತ ಮೇಲೆ ಎರಡು ಕೆಂಪನೆಯ ದೀಪ. ಮುಕ್ಕಾಲು ಗಂಟೆ ನಾನು ನೋಡಿದ್ದು ಅದನ್ನೇ.

ಒಂಬತ್ತು ಜನರ ಗುಂಪೊಂದರ ಆರ್ಡರ್ ಬಂತು. ಒಬ್ಬರಿಗೆ ಪೋಚ್, ಇಬ್ಬರಿಗೆ ಆಮ್ಲೆಟ್, ಅದರಲ್ಲಿ ಒಂದಕ್ಕೆ ಈರುಳ್ಳಿ ಬೇಡ, ಇನ್ನೊಬ್ಬರಿಗೆ ಬರೀ ಬಿಳಿ ಭಾಗದ್ದು, ಮಕ್ಕಳಿಗೆ ಪ್ಯಾನ್‌ಕೇಕ್, ಒಬ್ಬರಿಗೆ ಫ್ರೆಂಚ್ ಟೋಸ್ಟ್. ಎಲ್ಲ ಒಟ್ಟಿಗೆ ಹೋಗಬೇಕು. ಪೋಚ್ ಮಾಡಿದ ಮೊಟ್ಟೆಯ ತಟ್ಟೆ ಮೊದಲು ಬಂದು ದೀಪದ ಕೆಳಗೆ ಕೂತಿತು. ಕಾವಲಿ ತುಂಬಿತ್ತು, ಪ್ಯಾನ್‌ಕೇಕ್‌ಗೆ ಜಾಗ ಇರಲಿಲ್ಲ. ಮೊಟ್ಟೆ ಕಾಯುತ್ತಲೇ ಇತ್ತು. ಅದರ ಮೇಲಿನ ಸಾಸ್ ಮೊದಲು ಹೊಳಪು ಕಳೆದುಕೊಂಡಿತು, ಆಮೇಲೆ ತೆಳುವಾದ ಕೆನೆ ಕಟ್ಟಿತು, ಆಮೇಲೆ ಅಂಚಿನಲ್ಲಿ ಎಣ್ಣೆ ಬಿಟ್ಟಿತು. ಹೋದ ವಾರ ಅಮ್ಮನ ಮುಂದೆ ಬಂದದ್ದು ಇಂಥದೇ ತಟ್ಟೆ ಅಂತ ಆಗ ಹೊಳೆಯಿತು. ಮೊಟ್ಟೆ ಬೇಯಿಸಿದವರು ಸರಿಯಾಗಿಯೇ ಬೇಯಿಸಿದ್ದರು. ಅದು ಕಟ್ಟೆಯ ಮೇಲೆ ಕೂತು ಕೆಟ್ಟಿತ್ತು.

ಮೊಟ್ಟೆಗೆ ಕಾಯಲು ಗೊತ್ತಿಲ್ಲ. ಅದರ ಬಿಳಿ ಭಾಗ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಹೆಪ್ಪುಗಟ್ಟಲು ಶುರುವಾಗುತ್ತದೆ. ಹಳದಿ 65ರ ಆಸುಪಾಸಿನಲ್ಲಿ ಮಂದವಾಗುತ್ತದೆ, 70ರ ಹೊತ್ತಿಗೆ ಗಟ್ಟಿ. ಬಿಳಿ ಕೂಡಿಕೊಳ್ಳಬೇಕು, ಹಳದಿ ಹರಿಯಬೇಕು ಅಂದರೆ ಅಡುಗೆಯವರಿಗೆ ಸಿಗುವ ಅವಕಾಶ ಅಷ್ಟೇ ಸಣ್ಣದು. ನೀರಿನಿಂದ ಎತ್ತಿದ ಮೇಲೂ ಒಳಗಿನ ಬಿಸಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಮೇಲಿಂದ ದೀಪದ ಕಾವು ಬೇರೆ. ಹಾಲಂಡೇಸ್ ಇನ್ನೂ ನಾಜೂಕು. ಹಳದಿಯ ನೀರಿನಲ್ಲಿ ಬೆಣ್ಣೆಯ ಸಣ್ಣ ಸಣ್ಣ ಹನಿಗಳು ಹಂಚಿಕೊಂಡು ನಿಂತಿರುವುದೇ ಆ ಸಾಸ್. ಕಾವು ಜಾಸ್ತಿಯಾದರೆ ಮೊಟ್ಟೆ ಗಂಟುಗಟ್ಟುತ್ತದೆ, ಆರಿದರೆ ಬೆಣ್ಣೆ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲಿಟ್ಟು ನಾಳೆ ಬಿಸಿ ಮಾಡಿ ಹಾಕೋಣ ಅನ್ನುವಂತಿಲ್ಲ. ಅವತ್ತಿನದು ಅವತ್ತೇ, ಅದೂ ಒಂದೆರಡು ಗಂಟೆಯೊಳಗೆ ಮುಗಿಯಬೇಕು.

ಮೊಟ್ಟೆ ಎಷ್ಟು ಹೊಸದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಳೆಯದಾದಷ್ಟೂ ಬಿಳಿ ಭಾಗ ನೀರಾಗುತ್ತದೆ, ಪಾತ್ರೆಗೆ ಹಾಕಿದರೆ ಚಿಂದಿಚಿಂದಿಯಾಗಿ ಹರಡುತ್ತದೆ. ಅದಕ್ಕೇ ಕೆಲವರು ಮೊದಲು ತೂತಿನ ಸೌಟಿಗೆ ಒಡೆದು ಹಾಕಿ, ತೆಳ್ಳನೆಯದು ಸೋರಿಹೋದ ಮೇಲೆ ಉಳಿದದ್ದನ್ನು ನೀರಿಗೆ ಬಿಡುತ್ತಾರೆ. ನೀರು ಕುದಿಯಬಾರದು, ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಸಾಕು. ನಮ್ಮ ಜಾಗದಲ್ಲಿ ಇದನ್ನು ಮಾಡುವವರು ಒಬ್ಬ ಹೆಂಗಸು, ಅಮ್ಮನಿಗಿಂತ ಸ್ವಲ್ಪ ಚಿಕ್ಕ ವಯಸ್ಸು. ಅವರ ಕೈ ನೋಡಬೇಕು ನೀವು. ಸೌಟನ್ನು ನೀರಿಗೆ ತಾಗಿಸಿ, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವಂತೆ ಇಳಿಸುತ್ತಾರೆ. ಎತ್ತುವಾಗ ಬೆರಳಿನಿಂದ ಒಮ್ಮೆ ಮೆಲ್ಲಗೆ ಒತ್ತಿ ನೋಡುತ್ತಾರೆ. ಅವರ ಹತ್ತಿರ ಗಡಿಯಾರ ಇಲ್ಲ, ಆ ಬೆರಳೇ ಗಡಿಯಾರ. ಅವರಿಗೆ ಬೇಯಿಸೋಕೆ ಬರಲ್ವಾ ಅಂತ ಕೇಳಿದ್ದೆ ನಾನು. ನೋಡಿ ನಾಚಿಕೆಯಾಯಿತು. ಎದ್ದು ಹೋಗಿ ಆ ಸರ್ವರ್ ಹುಡುಗನ ಹತ್ತಿರ ಕ್ಷಮೆ ಕೇಳಿದೆ. "ಪರವಾಗಿಲ್ಲ ಮೇಡಂ, ಭಾನುವಾರ ಹಂಗೇ" ಅಂದ.

ಭಾನುವಾರ ಹಾಗೇ ಯಾಕೆ ಇರಬೇಕು ಅನ್ನುವುದೇ ನನ್ನ ಪ್ರಶ್ನೆ. ಬ್ರಂಚ್ ಜಾಗಗಳ ಬಗ್ಗೆ ಬರೆಯುವವರು ತಟ್ಟೆಯ ಅಂದ, ಗೋಡೆಯ ಬಣ್ಣ, ಕಾಫಿಯ ಮೇಲಿನ ನೊರೆಯ ಎಲೆ, ಇವನ್ನೇ ಬರೆಯುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ಒಂದೇ. ಅಲ್ಲಿ ಯಾರು ಎಷ್ಟು ಕಾಯುತ್ತಾರೆ, ಆ ಕಾಯುವಿಕೆಯನ್ನು ಅವರು ಹೇಗೆ ನಿಭಾಯಿಸುತ್ತಾರೆ.

ಮೊದಲು ಮೆನು. ಆ ಜಗಳದ ಕಾಲಕ್ಕೆ ಇಲ್ಲಿಯ ಮೆನು ನಾಲ್ಕು ಪುಟ ಇತ್ತು. ಮೊಟ್ಟೆಯಲ್ಲೇ ಹದಿನಾರು ಬಗೆ. ಹನ್ನೊಂದರಿಂದ ಒಂದೂವರೆಯೊಳಗೆ ಎಲ್ಲ ಜನವೂ ಬರುತ್ತಾರೆ. ಕಾವಲಿ ಒಂದು, ಒಲೆ ನಾಲ್ಕು. ಹದಿನಾರು ಬಗೆ ಅಂದರೆ ಹದಿನಾರು ಪಾತ್ರೆ, ಹದಿನಾರು ಹದ, ಎಲ್ಲವೂ ಏಕಕಾಲಕ್ಕೆ. ಯಾವುದೂ ಮೊದಲೇ ಮಾಡಿಟ್ಟುಕೊಳ್ಳುವ ಪದಾರ್ಥ ಅಲ್ಲ. ಉದ್ದನೆಯ ಮೆನು ನೋಡಿ ಖುಷಿಪಡುವವರು ಇರಬಹುದು. ನಾನಂತೂ ಒಂದೇ ಪುಟದ ಮೆನು ಕಂಡರೆ ನೆಮ್ಮದಿಯಿಂದ ಕೂರುತ್ತೇನೆ. ಅಡುಗೆಯವರ ಬಗ್ಗೆ ಯಾರೋ ಯೋಚಿಸಿದ್ದಾರೆ ಅಂತ ಗೊತ್ತಾಗುತ್ತದೆ.

ಪ್ಯಾನ್‌ಕೇಕ್ ವಿಷಯದಲ್ಲೂ ಅವಸರ ನೇರವಾಗಿ ತಟ್ಟೆಯಲ್ಲಿ ಕಾಣಿಸುತ್ತದೆ. ಮಜ್ಜಿಗೆಯ ಹುಳಿಗೆ ಅಡುಗೆ ಸೋಡಾ ಸೇರಿದಾಗ ಏಳುವ ಗಾಳಿಯಿಂದ ಅದು ಉಬ್ಬುವುದು. ಹಿಟ್ಟನ್ನು ಜಾಸ್ತಿ ಕಲಸಿದರೆ ರಬ್ಬರಿನಂತಾಗುತ್ತದೆ. ಸಣ್ಣ ಗಂಟುಗಳು ಉಳಿದಿದ್ದರೇ ಒಳ್ಳೆಯದು. ಮೇಲಿನ ಗುಳ್ಳೆ ಒಡೆದು, ತೂತು ಮುಚ್ಚಿಕೊಳ್ಳದೆ ನಿಂತಾಗ ಮಗುಚಬೇಕು. ಬೇಗ ಆಗಲಿ ಅಂತ ಉರಿ ಜೋರು ಮಾಡಿದರೆ ಹೊರಗೆ ಕಂದು, ಒಳಗೆ ಹಸಿ ಹಿಟ್ಟು. ಹಸಿ ಇದ್ದರೆ ಇದು ಅವಸರದ್ದು ಅಂತ ತಿಳಿಯಿರಿ.

ಇನ್ನು ಬಾಗಿಲ ಹತ್ತಿರ ಕಾಯುವವರು. "ಇನ್ನೈದು ನಿಮಿಷ" ಅಂತ ಹೇಳಿ ಅರ್ಧ ಗಂಟೆ ನಿಲ್ಲಿಸುವ ಜಾಗಗಳನ್ನು ನಾನು ಕಂಡಿದ್ದೇನೆ. ಅದು ಮೋಸ, ಬೇರೆ ಪದ ಇಲ್ಲ. ಜೊತೆಯಲ್ಲಿ ಸಕ್ಕರೆ ಕಾಯಿಲೆಯವರು ಇರಬಹುದು, ಬೆಳಗ್ಗೆಯಿಂದ ಏನೂ ತಿನ್ನದ ಮಗು ಇರಬಹುದು. ಮುಕ್ಕಾಲು ಗಂಟೆ ಅಂತ ನಿಜ ಹೇಳಿದರೆ ಅವರು ಬೇರೆ ಕಡೆಗಾದರೂ ಹೋಗುತ್ತಾರೆ, ಇಲ್ಲ ಒಂದು ಸುತ್ತು ಹಾಕಿಕೊಂಡು ಬರುತ್ತಾರೆ. ಕೂರಲು ನಾಲ್ಕು ಕುರ್ಚಿ, ಕುಡಿಯಲು ನೀರು ಹೊರಗಿಟ್ಟರೆ ಎಷ್ಟು ಖರ್ಚು?

ಒಳಗೆ ಕೂತವರದೂ ಜವಾಬ್ದಾರಿ ಇದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಇದನ್ನು ಒಪ್ಪದ ಗೆಳೆಯರಿದ್ದಾರೆ. ದುಡ್ಡು ಕೊಟ್ಟಿದ್ದೇವೆ, ಎಷ್ಟು ಹೊತ್ತಾದರೂ ಕೂರುತ್ತೇವೆ ಅನ್ನುತ್ತಾರೆ. ಬ್ರಂಚ್ ಅಂದರೇ ಪುರುಸೊತ್ತು, ಯಾರೂ ಎಬ್ಬಿಸಬಾರದು, ಕೇಳದೆ ಬಿಲ್ ತಂದು ಮೇಜಿನ ಮೇಲಿಡುವುದು ನನಗೂ ಇಷ್ಟವಿಲ್ಲ. ಆದರೆ ಕಪ್ ಖಾಲಿಯಾಗಿ ಅರ್ಧ ಗಂಟೆಯಾಗಿದೆ, ಎಲ್ಲರೂ ಫೋನ್ ನೋಡುತ್ತಿದ್ದೇವೆ, ಗಾಜಿನಾಚೆ ಒಬ್ಬ ಅಜ್ಜ ಕೋಲು ಊರಿಕೊಂಡು ನಿಂತಿದ್ದಾರೆ. ಆಗ ಎದ್ದೇಳಬೇಕು. ಮಾತು ಉಳಿದಿದ್ದರೆ ನಡೆದುಕೊಂಡು ಹೋಗುತ್ತಾ ಆಡಬಹುದು. ಒಂಟಿಯಾಗಿ ಬಂದವರನ್ನು ಮಾತ್ರ ಅವಸರ ಮಾಡಬೇಡಿ ಅಂತ ರೆಸ್ಟೋರೆಂಟ್‌ನವರಿಗೆ ಕೇಳಿಕೊಳ್ಳುತ್ತೇನೆ. ಎರಡು ಕುರ್ಚಿಯ ಮೇಜಿಗೆ ಒಬ್ಬರೇ ಬಂದರೆ ಕೆಲವು ಕಡೆ ಮುಖ ಸಣ್ಣದಾಗುತ್ತದೆ. ವಾರದಲ್ಲಿ ಒಂದು ದಿನ ಮನುಷ್ಯರ ನಡುವೆ ಕೂತು ತಿನ್ನೋಣ ಅಂತ ಬಂದವರು ಅವರು.

ನಮ್ಮ ಜಾಗದ ಮಾಲೀಕರ ಹತ್ತಿರ ಒಂದು ದಿನ ಜನ ಕಡಿಮೆಯಾದ ಮೇಲೆ ಇದನ್ನೆಲ್ಲ ಮಾತಾಡಿದೆ. ದೀಪದ ಕೆಳಗೆ ಕಾಯುವ ತಟ್ಟೆಯ ಬಗ್ಗೆ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ಅಡುಗೆಯವರೂ ಮೊದಲಿನಿಂದ ಇದನ್ನೇ ಹೇಳುತ್ತಿದ್ದರಂತೆ. ಈಗ ಮೆನು ಒಂದೂವರೆ ಪುಟಕ್ಕೆ ಬಂದಿದೆ. ಮೊಟ್ಟೆ ಆರು ಬಗೆ. ದೊಡ್ಡ ಗುಂಪು ಬಂದರೆ ಮೊದಲೇ ಹೇಳಿಬಿಡುತ್ತಾರೆ: ತಟ್ಟೆಗಳು ಎರಡು ಕಂತಿನಲ್ಲಿ ಬರುತ್ತವೆ, ಮೊಟ್ಟೆ ಬಂದವರು ಬೇರೆಯವರಿಗೆ ಕಾಯದೆ ತಿನ್ನಿ ಅಂತ. ಕೆಲವರು ಮುನಿಸಿಕೊಂಡರು, ಒಂದಿಷ್ಟು ಜನ ಬರುವುದನ್ನೂ ಬಿಟ್ಟರು. ಮಾಲೀಕರು ಬದಲಾಯಿಸಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವ.

ನಾವೂ ಹತ್ತೂವರೆಗೇ ಹೋಗುತ್ತೇವೆ ಈಗ, ನೂಕುನುಗ್ಗಲಿಗೆ ಮೊದಲು. ನಾನು ಹೇಳುವುದೂ ಮೊಟ್ಟೆಯೇ, ಅಮ್ಮನ ತಟ್ಟೆ ನನ್ನದಕ್ಕಾಗಿ ಕಾಯದಿರಲಿ ಅಂತ. ಹೋದ ವಾರ ಎರಡೂ ತಟ್ಟೆ ಒಟ್ಟಿಗೆ ಬಂದವು. ಅಮ್ಮ ಚಾಕು ತಾಗಿಸಿದಳು, ಹಳದಿ ಇಳಿಯಿತು, ಬ್ರೆಡ್ಡಿನ ಅಂಚಿನವರೆಗೂ ಹೋಯಿತು. ಕಿಂಡಿಯ ಆಚೆಯಿಂದ ಆ ಹೆಂಗಸು ನಮ್ಮ ಮೇಜಿನ ಕಡೆಯೇ ನೋಡುತ್ತಿದ್ದರು. ಅಮ್ಮ ಅವರಿಗೆ ಕೈ ಎತ್ತಿ ತೋರಿಸಿದಳು. ಮನೆಗೆ ಬರುವಾಗ, "ಮುಂದಿನ ವಾರ ಕಿಟಕಿ ಹತ್ತಿರ ಬೇಡ ಕಣೇ, ಅವರ ಎದುರಿಗೇ ಕೂರೋಣ" ಅಂದಳು.