ಭೂತಗನ್ನಡಿ ಕೊಳ್ಳುವ ಮುಂಚೆ ದೀಪ ಸರಿ ಮಾಡಿ

ವಿಮಾನ, ಟ್ಯಾಂಕುಗಳ ಪುಟ್ಟ ಪ್ರತಿರೂಪ, ಅಂದರೆ ಸ್ಕೇಲ್ ಮಾಡೆಲ್ ಕಟ್ಟುವ ನಲವತ್ತೈದು ದಾಟಿದ ಮಂದಿ ಎಲ್ಲಿ ಸೇರಿದರೂ ಒಂದೇ ರಾಗ: "ಕಣ್ಣು ಹೋಯ್ತು, ಕೈ ನಡುಗುತ್ತೆ, 1/72 ಇನ್ನು ಸಾಕಪ್ಪ." (1/72 ಅಂದರೆ ನಿಜದ ಎಪ್ಪತ್ತೆರಡನೇ ಒಂದು ಪಾಲಿನ ಅಳತೆ.) ಆಮೇಲೆ ಇರೋದ್ರಲ್ಲೇ ಅತಿ ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಆರ್ಡರ್ ಮಾಡುವುದು, ವಾರವಿಡೀ ತಲೆಗೆ ಕಟ್ಟಿಕೊಂಡು ಕತ್ತು ನೋಯಿಸಿಕೊಳ್ಳುವುದು, ಕೊನೆಗೆ ಕಿಟ್ಟುಗಳನ್ನೆಲ್ಲ ಅಟ್ಟಕ್ಕೇರಿಸುವುದು. ನನ್ನ ಪ್ರಕಾರ ಇಲ್ಲಿ ತಪ್ಪಿರುವುದು ಸರದಿ. ಮೊದಲು ಬೆಳಕು, ಆಮೇಲೆ ಕೈಗೆ ಆಸರೆ. ಭೂತಗನ್ನಡಿಯ ಪಾಳಿ ಮೂರನೆಯದು. ಕೈಯ ತಲೆಗೆ ಕಟ್ಟುವ ತಪ್ಪಿನಲ್ಲಿ ದೊಡ್ಡ ಪಾಲು ಕಣ್ಣಿನದೇ. ಬ್ಲೇಡಿನ ತುದಿ ಎಲ್ಲಿದೆ ಅಂತ ಕಾಣದಿದ್ದರೆ ಕೈ ತಡವರಿಸದೆ ಇನ್ನೇನು ಮಾಡೀತು?

ವಯಸ್ಸಾದಂತೆ ಕಣ್ಣಿನ ಪಾಪೆ ಮುಂಚಿನಷ್ಟು ಅಗಲವಾಗಿ ತೆರೆಯುವುದಿಲ್ಲ, ಒಳಗಿನ ಮಸೂರವೂ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಮುಟ್ಟುವುದರ ಸುಮಾರು ಮೂರನೇ ಒಂದು ಪಾಲು ಅಷ್ಟೇ. ಬೆನ್ನ ಹಿಂದಿನ ಟ್ಯೂಬ್‌ಲೈಟ್ ಸಾಲದು, ನಿಮ್ಮ ತಲೆಯ ನೆರಳೇ ಕೆಲಸದ ಮೇಲೆ ಬೀಳುತ್ತದೆ. ಕುತ್ತಿಗೆ ಬಾಗುವ ಎರಡು ಮೇಜುದೀಪ ಇಡಿ, ಎಡಕ್ಕೊಂದು ಬಲಕ್ಕೊಂದು. ತಲಾ 8-10 ವ್ಯಾಟಿನ ಎಲ್‌ಇಡಿ, ಹಗಲಿನಂಥ ಬಿಳಿ ಬೆಳಕಿಗೆ 5000 ಕೆಲ್ವಿನ್ ಆಸುಪಾಸು, ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಂಕ) 90ಕ್ಕಿಂತ ಹೆಚ್ಚು ಅಂತ ಇರಬೇಕು. ಕೆಲಸದಿಂದ 40 ಸೆಂಟಿಮೀಟರ್ ದೂರದಲ್ಲಿ, ಬಲ್ಬು ಕಣ್ಣಿಗೆ ಹೊಡೆಯದಂತೆ ತಗ್ಗಿಸಿ. ಬೆಳಕು ಜಾಸ್ತಿಯಾದರೆ ಇನ್ನೊಂದು ಲಾಭವಿದೆ. ಪಾಪೆ ಕಿರಿದಾಗುತ್ತದೆ, ಆಗ ಫೋಕಸ್ ಹಿಡಿಯುವ ಆಳ ಹೆಚ್ಚುತ್ತದೆ. ಬಿಸಿಲಿಗೆ ಹಿಡಿದರೆ ಔಷಧದ ಚೀಟಿಯ ಸಣ್ಣಕ್ಷರ ಕನ್ನಡಕವಿಲ್ಲದೆಯೂ ಕಾಣುತ್ತದಲ್ಲ, ಅದೇ ಲೆಕ್ಕ.

ಇನ್ನು ಚಾಳೀಸು. ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಂಡು ಮಾಡೆಲ್ ಕಟ್ಟುವವರನ್ನು ನೋಡಿ, ಗಲ್ಲ ಮೇಲೆತ್ತಿ, ಮೂಗಿನ ತುದಿಯಿಂದ ಇಣುಕುತ್ತಿರುತ್ತಾರೆ. ಹತ್ತಿರದ್ದನ್ನು ತೋರಿಸುವ ಭಾಗ ಗಾಜಿನ ಕೆಳಗೆ ಒಂದಿಷ್ಟೇ ಇರುವುದರಿಂದ ಹಾಗೆ. ಒಂದು ಗಂಟೆಗೆ ಕತ್ತು ಹಿಡಿದುಕೊಳ್ಳುತ್ತದೆ. ಕೆಲಸಕ್ಕೆಂದೇ ಬೇರೆ ಸಿಂಗಲ್ ವಿಷನ್ (ಇಡೀ ಗಾಜಿಗೆ ಒಂದೇ ಪವರ್) ಕನ್ನಡಕ ಮಾಡಿಸಿ. ಮೊಣಕೈ ಮೇಜಿಗೂರಿ ಕೂತು, ಕಣ್ಣಿನಿಂದ ಚಿಮಟದ ತುದಿಗೆ ಟೇಪು ಹಿಡಿಸಿ, ಆ ಅಳತೆಯನ್ನು ಕನ್ನಡಕದವರಿಗೆ ಕೊಡಿ. ದೂರದೃಷ್ಟಿಯ ಪವರ್ ಮೇಲೆ +2.5 ಕೂಡಿಸಿದರೆ ಫೋಕಸ್ 40 ಸೆಂಟಿಮೀಟರಿಗೆ, +3 ಅಂದರೆ 33ಕ್ಕೆ, +4 ಅಂದರೆ 25ಕ್ಕೆ ಬರುತ್ತದೆ. ಬಹಳಷ್ಟು ಜನರಿಗೆ 33 ಸಾಕು.

ಅದೂ ಸಾಲದಾದಾಗ ತಲೆಗೆ ಕಟ್ಟುವ ಭೂತಗನ್ನಡಿ. ಉದಾಹರಣೆಗೆ ಆಪ್ಟಿವೈಸರ್ ಎನ್ನುವ ಬ್ರಾಂಡನ್ನೇ ನೋಡಿ. ಅದರ ಡಿಎ-3 ಗಾಜು 1.75 ಪಟ್ಟು ತೋರಿಸುತ್ತದೆ, 14 ಇಂಚು ದೂರದಲ್ಲಿ. ಡಿಎ-5 ಎರಡೂವರೆ ಪಟ್ಟು, 8 ಇಂಚಿನಲ್ಲಿ. ಡಿಎ-10 ಮೂರೂವರೆ ಪಟ್ಟು, ಆದರೆ ಬರೀ 4 ಇಂಚಿನಲ್ಲಿ. 4 ಇಂಚೆಂದರೆ ಮೂಗಿನ ಕೆಳಗೇ ಚಾಕು ಆಡಿಸಿದ ಹಾಗೆ. ಬ್ರಷ್ಷಿನ ಹಿಡಿ ಗಾಜಿಗೆ ತಾಗುತ್ತದೆ, ಫೋಕಸ್ಸಿನ ಆಳ ಎಷ್ಟು ಕಡಿಮೆಯೆಂದರೆ ಉಸಿರಾಡಿದರೂ ಮಸುಕು. ದಿನದ ಕೆಲಸಕ್ಕೆ ಡಿಎ-3 ಇಲ್ಲವೇ ಡಿಎ-5, ಅದಕ್ಕಿಂತ ಮೇಲಿನದು ಬೇಡ ಅಂತಲೇ ನಾನು ಹೇಳೋದು. ಹೊಸಬರು ಎಡವುವ ಜಾಗ ಇನ್ನೊಂದಿದೆ: ಓದುವ ಕನ್ನಡಕದ ಮೇಲೆಯೇ ಇದನ್ನು ಕಟ್ಟಿದರೆ ಎರಡರ ಪವರ್ರೂ ಕೂಡಿ ದೂರ ಮತ್ತಷ್ಟು ಕುಗ್ಗುತ್ತದೆ. ಗಡಿಯಾರ ರಿಪೇರಿಯವರ ಒಂಟಿಗಣ್ಣಿನ ಲೂಪ್ ತಪಾಸಣೆಗೆ ಸರಿ, ಕತ್ತರಿಸಲು ಬೇಡ. ಒಂದೇ ಕಣ್ಣಲ್ಲಿ ಆಳ ತಿಳಿಯದೆ ಬ್ಲೇಡು ಬೆರಳಿಗಿಳಿಯುತ್ತದೆ.

ಈಗ ಕೈ. ಅಲ್ಪ ನಡುಕ ಎಲ್ಲರ ಕೈಯಲ್ಲೂ ಇದೆ, ಸೆಕೆಂಡಿಗೆ 8-12 ಸಲ. ಇಪ್ಪತ್ತರ ಹುಡುಗನಿಗೂ ಇದೆ. ಕೈ ಗಾಳಿಯಲ್ಲಿ ತೂಗಾಡಿದಷ್ಟೂ ಅದು ತುದಿಯಲ್ಲಿ ದೊಡ್ಡದಾಗುತ್ತದೆ. ಆಸರೆಗೆ ಅಕ್ಕಸಾಲಿಗರನ್ನು ನೋಡಿ ಕಲಿಯಬೇಕು. ಕೆಲಸ ಎದೆಯ ಎತ್ತರಕ್ಕೆ, ಕೈ ಮರದ ಗೂಟಕ್ಕೆ ಆನಿಸಿ. ನಮ್ಮ ಮೇಜಿನ ಮೇಲೂ 12-15 ಸೆಂಟಿಮೀಟರ್ ಎತ್ತರದ ಒಂದು ಮಣೆ ಇಟ್ಟರೆ ಬೆನ್ನು ಬಗ್ಗುವುದು ತಪ್ಪುತ್ತದೆ. ಎರಡೂ ಮಣಿಕಟ್ಟು ಮಣೆಯ ಅಂಚಿಗೆ ಊರಬೇಕು. ಎರಡೂ ಕಿರುಬೆರಳು ಒಂದಕ್ಕೊಂದು ತಾಗಿರಬೇಕು, ಗುಟ್ಟೆಲ್ಲ ಇರೋದು ಇಲ್ಲೇ. ಎರಡು ಕೈ ಒಂದೇ ತುಂಡಾದರೆ ನಡುಕವೂ ಒಟ್ಟಿಗೇ ಆಗುತ್ತದೆ, ಬ್ರಷ್ಷಿಗೂ ಮಾಡೆಲಿಗೂ ನಡುವಿನ ಅಂತರ ಅಲುಗುವುದಿಲ್ಲ. ಚಿಕ್ಕ ಗೊಂಬೆಯನ್ನು ಖಾಲಿ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ಡಬ್ಬಿ ಹಿಡಿಯಿರಿ, ಗೊಂಬೆಯನ್ನಲ್ಲ. ಕಾಫಿ ಕೆಲಸ ಮುಗಿದ ಮೇಲೆ. ಕೆಫೀನ್ ನಡುಕ ಹೆಚ್ಚಿಸುತ್ತದೆ, ಆಸ್ತಮಾದ ಸಾಲ್ಬುಟಮಾಲ್ ಇನ್‌ಹೇಲರ್ ಕೂಡ. ಅಂದಮಾತ್ರಕ್ಕೆ ಇನ್‌ಹೇಲರ್ ಬಿಡಬೇಡಿ, ಕೆಲಸದ ಹೊತ್ತು ಬದಲಿಸಿ.

ಹೆಬ್ಬೆರಳ ಬುಡದಲ್ಲಿ ಸಂಧಿವಾತ ಇರುವವರಿಗೆ ಚಿವುಟುವ ಹಿಡಿತವೇ ಶತ್ರು. ತುದಿಯಲ್ಲಿ ಕೊಂಚ ಒತ್ತಿದರೂ ಬುಡದ ಕೀಲಿಗೆ ಅದರ ಹಲವು ಪಟ್ಟು ಭಾರ ಬೀಳುತ್ತದೆ. ತೆಳ್ಳನೆ ಚಾಕುಹಿಡಿಗೆ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಗ್ರಿಪ್ ಟೇಪ್ ಸುತ್ತಿ, ದಪ್ಪ 15 ಮಿಲಿಮೀಟರ್ ಬರಲಿ. ಮೇಜಿನಿಂದ ಉರುಳಿ ತೊಡೆಗೆ ಬೀಳುವುದೂ ಕಡಿಮೆಯಾಗುತ್ತದೆ. ಒತ್ತಿದರೆ ತೆರೆದುಕೊಂಡು, ಬಿಟ್ಟರೆ ತಾನೇ ಹಿಡಿದುಕೊಳ್ಳುವ ಉಲ್ಟಾ ಚಿಮಟ ಒಂದಾದರೂ ಇರಲಿ. ಬ್ಲೇಡ್ ಬದಲಿಸುವುದರಲ್ಲಿ ಜಿಪುಣತನ ಬೇಡ. ಮೊಂಡು ಬ್ಲೇಡಿಗೆ ಬಲ ಬೇಕು, ಬಲ ಹಾಕಿದರೆ ಜಾರುತ್ತದೆ. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದವರಿಗೆ ಕೊಯ್ದದ್ದೇ ಗೊತ್ತಾಗುವುದಿಲ್ಲ. ಬಣ್ಣದ ಶೀಶೆಯ ಮುಚ್ಚಳ ಕಚ್ಚಿಕೊಂಡರೆ ರಬ್ಬರ್ ಕೈಗವಸು ಹಾಕಿ ತಿರುಗಿಸಿ. ಮುಂದಿನ ಸಲ ಮುಚ್ಚುವಾಗ ಸುರುಳಿಗೆ ಎಳ್ಳಿನಷ್ಟು ವ್ಯಾಸಲೀನ್ ಸವರಿದ್ದರೆ ಆ ಪೀಕಲಾಟವೂ ಇರದು.

ಅತಿ ಕಾಟ ಕೊಡುವುದು ಫೋಟೋಎಚ್ ಹಿತ್ತಾಳೆ ತುಣುಕು, ಅಂದರೆ ರಾಸಾಯನಿಕದಿಂದ ಕೊರೆದ ತೆಳು ತಗಡಿನ ಸಣ್ಣ ಭಾಗ. ಮೆತ್ತನೆ ಕಟಿಂಗ್ ಮ್ಯಾಟಿನ ಮೇಲೆ ಕತ್ತರಿಸಿದರೆ ತಗಡು ಒಳಗೆ ಕುಸಿದು ಬಾಗುತ್ತದೆ, ಟಪ್ಪನೆ ಹಾರುತ್ತದೆ. ಅಡುಗೆಕಟ್ಟೆಗೆ ಹಾಕಿಸಿ ಮಿಕ್ಕ ಗ್ರಾನೈಟ್ ತುಂಡು ಇದ್ದರೆ ಅದೇ ಲೇಸು. ಹಾಳೆಯನ್ನು ಅದರ ಮೇಲಿಟ್ಟು, ಬೇಕಾದ ತುಣುಕಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಬಾಗಿದ ಅಲಗಿನ 10ನೇ ನಂಬರ್ ಬ್ಲೇಡನ್ನು ಟೇಪಿನ ಮೇಲಿಂದಲೇ ಹೊರಳಿಸಿ ಒತ್ತಿ. ತುಣುಕು ಟೇಪಿಗೇ ಅಂಟಿಕೊಂಡು ಬರುತ್ತದೆ. ಎತ್ತಲು ಚಿಮಟ ಬೇಡ, ಟೂತ್‌ಪಿಕ್ಕಿನ ತುದಿಗೆ ಒಂದು ಚೂರು ಜೇನುಮೇಣ ಸಾಕು. ಅಂಟಿಸಲು ಫೆವಿಕ್ವಿಕ್ ಬಳಸುವುದಾದರೆ ಸೂಜಿಯೊಂದರ ಕಣ್ಣಿನ ತುದಿಯನ್ನು ಕತ್ತರಿಸಿ ಕವಣೆಯ ಕವೆಯಂತೆ ಮಾಡಿ, ಇನ್ನೊಂದು ತುದಿಯನ್ನು ಹಳೆ ಬ್ರಷ್ಷಿನ ಹಿಡಿಗೆ ಚುಚ್ಚಿ. ಆ ಕವೆಯಲ್ಲಿ ನಿಲ್ಲುವ ಹನಿ ಪ್ರತಿಸಲವೂ ಒಂದೇ ಅಳತೆ. ಆದರೆ ನಿಧಾನ ಕೈಗೆ ಫೆವಿಕ್ವಿಕ್ಕಿನ ಆತುರ ಒಗ್ಗುವುದಿಲ್ಲ. ಭಾರ ಹೊರದ ತುಣುಕಿಗೆ ಬಿಳಿ ಫೆವಿಕಾಲೇ ಸಾಕು. ಸರಿಸಲು ನಿಮಿಷಗಳ ಕಾಲಾವಕಾಶ, ತಪ್ಪಿದರೆ ಒದ್ದೆ ಬ್ರಷ್ಷಿನಲ್ಲಿ ಒರೆಸಿದರಾಯಿತು. ವಿಮಾನದ ಕ್ಯಾನೊಪಿಗಂತೂ (ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ) ಫೆವಿಕ್ವಿಕ್ ಹತ್ತಿರ ಸುಳಿಯಬಾರದು, ಅದರ ಆವಿ ಗಾಜಿನ ಮೇಲೆ ಬೂದಿಯಂತೆ ಕೂರುತ್ತದೆ.

"ದೊಡ್ಡ ಸ್ಕೇಲಿಗೆ ಹೋಗಿ" ಎನ್ನುವ ಬಿಟ್ಟಿ ಉಪದೇಶದ ಬಗ್ಗೆ ನನಗೆ ತಕರಾರಿದೆ. ಲೆಕ್ಕ ನಿಜವೇ. 80 ಮಿಲಿಮೀಟರಿನ ಕಾಕ್‌ಪಿಟ್ ಡಯಲ್ 1/72ರಲ್ಲಿ 1.1, 1/48ರಲ್ಲಿ 1.7, 1/32ರಲ್ಲಿ 2.5 ಮಿಲಿಮೀಟರ್. ಆದರೆ ಸ್ಕೇಲು ದೊಡ್ಡದಾದರೆ ಕಂಪನಿಯವರು ತುಣುಕುಗಳನ್ನೂ ಹೆಚ್ಚಿಸುತ್ತಾರೆ. 1/72ರಲ್ಲಿ ಸೀಟಿಗೇ ಅಚ್ಚಾಗಿ ಬಂದಿದ್ದ ಬೆಲ್ಟು 1/32ರಲ್ಲಿ ಹತ್ತಾರು ಚೂರಾಗಿ ಬರುತ್ತದೆ. 1/35ರ ಪ್ಯಾಂಜರ್ 4 ಟ್ಯಾಂಕನ್ನೇ ನೋಡಿ. ಒಂದು ಬದಿಯ ಸರಪಳಿಗೆ 99 ಕೊಂಡಿ, ಎರಡೂ ಸೇರಿ 198. ಬಿಡಿ ಕೊಂಡಿಯ ಕಿಟ್ಟಾದರೆ, ಕೊಂಡಿಗೆ ಮೂರು ಗೇಟು (ತುಣುಕು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿರುವ ಜಾಗ) ಅಂದುಕೊಂಡರೂ 600ರ ಹತ್ತಿರ ಕತ್ತರಿಕೆ, ಅಷ್ಟೇ ಸಲ ಉಪ್ಪುಕಾಗದ. ನೋವಿರುವ ಹೆಬ್ಬೆರಳಿಗೆ ಇದು ಶಿಕ್ಷೆ. ಅದೇ ಸ್ಕೇಲಿನಲ್ಲಿ ವಿನೈಲ್ ಪಟ್ಟಿಯ ಸರಪಳಿ ಇರುವ ಕಿಟ್ಟಾದರೆ ಸರಪಳಿಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಹಾಗಾಗಿ ಡಬ್ಬಿಯ ಮೇಲೆ ಸ್ಕೇಲ್ ನೋಡುವುದಲ್ಲ, ತುಣುಕಿನ ಎಣಿಕೆ ನೋಡಿ. ಎಡ್ವರ್ಡ್ ಕಂಪನಿಯ ಕಿಟ್ಟಾದರೆ, ಫೋಟೋಎಚ್ ಸಮೇತ ಬರುವ ಪ್ರೊಫಿಪ್ಯಾಕ್ ಬದಲು ವೀಕೆಂಡ್ ಆವೃತ್ತಿ ಕೊಂಡು, ಕತ್ತರಿಸಿಯೇ ಬರುವ ಕ್ಯಾನೊಪಿ ಮಾಸ್ಕ್ (ಬಣ್ಣ ಬಳಿಯುವಾಗ ಗಾಜು ಮುಚ್ಚುವ ಸ್ಟಿಕ್ಕರ್) ಮಾತ್ರ ಬೇರೆಯಾಗಿ ತರಿಸಿ. ದುಡ್ಡು ಹಾಕುವುದೇ ಆದರೆ ಬಣ್ಣ ಸಮೇತ ಅಚ್ಚಾಗಿ ಬರುವ 3ಡಿ ಡೆಕಾಲಿಗೆ (ಉಬ್ಬಿರುವ ಸ್ಟಿಕ್ಕರ್) ಹಾಕಿ. ಡಯಲ್, ಬೆಲ್ಟ್ ಎಲ್ಲ ನೀರಲ್ಲಿ ನೆನೆಸಿ ಕೂರಿಸಿದರಾಯಿತು. ಇದನ್ನು ಮೋಸ ಎನ್ನುವವರು ಇದ್ದಾರೆ, ಇರಲಿ.

ಬಣ್ಣದಲ್ಲಿ ಒಂದೇ ಮಾತು: ಮೂರು ಸೊನ್ನೆಯ (000, ಅತಿ ಸಣ್ಣ) ಬ್ರಷ್ ಬಿಸಾಕಿ. ತುದಿಯಲ್ಲಿ ಹಿಡಿಯುವ ಬಣ್ಣ ಮಾಡೆಲ್ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ. ಮೊನಚು ತುದಿಯ 1ನೇ ನಂಬರ್ ಕೊಲಿನ್ಸ್ಕಿ (ಪ್ರಾಣಿಕೂದಲಿನ) ಬ್ರಷ್ಷೇ ಸಣ್ಣ ಗೆರೆಗೂ ಸರಿ. ಹೊರಗೆ ಹೋದ ಬಣ್ಣ ಒರೆಸುವಂತಿರಲಿ, ಅಂದರೆ ಅಕ್ರಿಲಿಕ್ ಮೇಲೆ ಎನಾಮೆಲ್. ತಿನ್ನರ್ ಅದ್ದಿದ ಬ್ರಷ್ಷಿಗೆ ಎನಾಮೆಲ್ ಬಿಡುತ್ತದೆ, ಚೆನ್ನಾಗಿ ಒಣಗಿದ ಅಕ್ರಿಲಿಕ್ ಕೂತಲ್ಲೇ ಇರುತ್ತದೆ.

ಮೇಜಿನಲ್ಲಿ ಪರಿಹಾರವಾಗದ ಕೆಲವಿವೆ. ರೆಕ್ಕೆಯ ನೇರ ಪ್ಯಾನೆಲ್ ಗೆರೆ ಒಂದು ಕಣ್ಣಿಗೆ ಡೊಂಕಾಗಿ ಕಂಡರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ, ಬೇಗ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಒಳಪರದೆಯ ನಡುಭಾಗದ ತೊಂದರೆ ಇರಬಹುದು. ಸುಮ್ಮನೆ ತೊಡೆಯ ಮೇಲಿಟ್ಟಾಗಲೇ ಒಂದು ಕೈ ನಡುಗಿದರೆ ಅದನ್ನೂ ನರರೋಗದ ಡಾಕ್ಟರಿಗೆ ತೋರಿಸಬೇಕು. ಪೊರೆಯ ಆಪರೇಷನ್ ಮುಂದಿದ್ದರೆ, ದಿನಕ್ಕೆ ಎರಡು ಗಂಟೆ 33 ಸೆಂಟಿಮೀಟರಿನಲ್ಲಿ ಕೆಲಸ ಮಾಡುತ್ತೀರೆಂದು ಮೊದಲೇ ಹೇಳಿ, ಯಾವ ದೂರದ ಮಸೂರ ಎನ್ನುವುದು ಆಗಲೇ ತೀರ್ಮಾನವಾಗಬೇಕು. ಆಪರೇಷನ್ ಆದಮೇಲೆ, ಬೂದು ಅಂದುಕೊಂಡು ಹಚ್ಚಿದ್ದು ನೀಲಿಯಾಗಿ ಕಂಡರೆ ಗಾಬರಿ ಬೇಡ. ಹಳದಿ ಪರದೆ ಸರಿದಿದೆ ಅಷ್ಟೇ.

ಕಡೆಯದು, ಬಿದ್ದ ತುಣುಕು. ಸೀಲಿಂಗ್ ಫ್ಯಾನ್ ಆರಿಸದೆ ಚಿಮಟ ಮುಟ್ಟಬಾರದು. ಟವಲಿನ ಒಂದು ಅಂಚನ್ನು ಮೇಜಿನ ಕೆಳಗೆ ಪಿನ್ ಮಾಡಿ, ಇನ್ನೊಂದನ್ನು ಕುತ್ತಿಗೆಗೆ ಕಟ್ಟಿಕೊಳ್ಳಿ. ಏಳುವಾಗ ಮರೆತೀರಿ, ಜೋಕೆ. ಆದರೂ ಬಿದ್ದರೆ, ಅದರಲ್ಲೂ ಹಳೆ ಮನೆಯ ಮೊಸಾಯಿಕ್ ನೆಲದ ಮೇಲೆ, ಬೂದು ಚೂರಿನ ನಡುವೆ ಬೂದು ಚೂರು. ದೀಪವೆಲ್ಲ ಆರಿಸಿ, ಟಾರ್ಚನ್ನು ನೆಲಕ್ಕೆ ಮಲಗಿಸಿ, ನಿಧಾನ ಉರುಳಿಸಿ. ತುಣುಕು ಕಾಣದು, ಅದರ ಉದ್ದನೆ ನೆರಳು ಕಾಣುತ್ತದೆ. ಅಷ್ಟಕ್ಕೂ ಸಿಗದಿದ್ದರೆ ನಿಮ್ಮ ಮೊಣಕೈ ತಿರುಗಿಸಿ ನೋಡಿ, ಅಲ್ಲೇ ಅಂಟಿಕೊಂಡಿರುತ್ತದೆ.