ಎಲ್ಲರೂ ನಿಂತ ಮೇಲೆ ಒಂದು ‘ಧಡ್’

ಮದುವೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನವನ ತಪ್ಪು ಸ್ವರ ಗದ್ದಲದಲ್ಲಿ ಕರಗಿಹೋಗುತ್ತದೆ. ಸಾಲು ಮರೆತ ಗಾಯಕ ಮೈಕನ್ನು ಜನರ ಕಡೆ ಚಾಚಿ ‘ಎಲ್ಲಾರೂ!’ ಅಂದು ಪಾರಾಗುತ್ತಾನೆ. ಡ್ರಮ್ಮರ್‌ಗೆ ಆ ಭಾಗ್ಯವಿಲ್ಲ. ಹಾಡು ಗಕ್ಕನೆ ನಿಲ್ಲುವ ಜಾಗದಲ್ಲಿ ಅವನೊಬ್ಬನೇ ‘ಧಡ್’ ಅಂದರೆ, ಆಚೆ ಊಟದ ಪೆಂಡಾಲಿನಲ್ಲಿ ಹೋಳಿಗೆ ಬಡಿಸುವವರೂ ತಿರುಗಿ ನೋಡುತ್ತಾರೆ.

ಹಾಗಾಗಿ ಕಲಬುರಗಿಯ ಆರ್ಕೆಸ್ಟ್ರಾದಲ್ಲಿ ಹೊಸ ಹಾಡು ಕಲಿಯುವುದೆಂದರೆ ಮೊದಲು ಸ್ಟಿಕ್ಕು ಕೆಳಗಿಟ್ಟು ಪೆನ್ನು ಹಿಡಿಯುವುದು. ಒಂದೇ ರಾತ್ರಿ ಕನ್ನಡ, ಹಿಂದಿ, ತೆಲುಗು, ನಡುವೆ ಬೀಗರ ಒತ್ತಾಯಕ್ಕೊಂದು ಮರಾಠಿ. ಇಷ್ಟೂ ತಲೆಯಲ್ಲಿ ನಿಲ್ಲುವುದಿಲ್ಲ. ಇಂಟ್ರೊ 8 ಬಾರ್ (ತಾಳದ ಒಂದು ಸುತ್ತು ಒಂದು ಬಾರ್), ಪಲ್ಲವಿ 16, ಬಿಜಿಎಂ (ನಡುವಿನ ವಾದ್ಯಸಂಗೀತ) 16, ಚರಣ, ಸ್ಟಾಪ್: ಎಲ್ಲ ಅರ್ಧ ಹಾಳೆಯಲ್ಲಿ ಮುಗಿಯಬೇಕು. ಸ್ಟಾಪ್‌ಗೆ ಕೆಂಪು ಶಾಯಿ. ಪಕ್ಕದಲ್ಲಿ ಎಲೆಕ್ಟ್ರಾನಿಕ್ ಪ್ಯಾಡಿನ ಕಿಟ್ ನಂಬರ್, ಅಂದರೆ ಆ ಹಾಡಿಗೆ ಬೇಕಾದ ದನಿಗಳ ಗುಂಪಿನ ನಂಬರ್. ಇದನ್ನು ಮರೆತರೆ ಡಿಸ್ಕೊ ಹಾಡಿನ ‘ಪಿಯೂಂ ಪಿಯೂಂ’ ಮುಂದಿನ ಭಕ್ತಿಗೀತೆಯಲ್ಲಿ ಮೊಳಗುತ್ತದೆ. ಸ್ಟಿಕ್ಕು ಸರಸರ ಓಡಿಸುವ ರೋಲುಗಳು ಕೊನೆಗೆ. ಹೊಸಬರು ಶುರುಮಾಡುವುದೇ ಅಲ್ಲಿಂದ ಅನ್ನುವುದು ಬೇರೆ ಮಾತು.

ಇನ್ನು ವೇಗ. ನಿಮಿಷಕ್ಕೆ 120 ಬೀಟ್ ಇರುವ ಹಾಡು ವೇದಿಕೆಯ ಹುರುಪಿಗೆ ಸಲೀಸಾಗಿ 135 ಆಗುತ್ತದೆ. ಉಸಿರುಗಟ್ಟಿದ ಗಾಯಕ ಹಿಂದೆ ತಿರುಗಿ, ‘ಎಲ್ಲಿಗಿ ಹೊಂಟೀಯೋ ತಮ್ಮಾ?’ ಅನ್ನುತ್ತಾನೆ. ಪಲ್ಲವಿಯಲ್ಲಿ ಪದಗಳು ಕಿಕ್ಕಿರಿದ ಸಾಲನ್ನು ಒಮ್ಮೆ ಮನಸ್ಸಿನಲ್ಲೇ ಗುನುಗಿ, ಆಮೇಲೆ ಸ್ಟಿಕ್ಕು ತಟ್ಟಿ ಎಣಿಕೆ ಕೊಡಬೇಕು. ಸುತ್ತಿಗೆ ಆರು ಎಣಿಕೆಯ 6/8 ಹಾಡಿಗೆ ಆರನ್ನೂ ಎಣಿಸುವುದೋ, ಮೂರಕ್ಕೊಂದರಂತೆ ತಟ್ಟುವುದೋ ಮೊದಲೇ ಮಾತಾಗಿರಬೇಕು. ಇಲ್ಲವಾದರೆ ಕೀಬೋರ್ಡು ಒಂದು ವೇಗದಲ್ಲಿ, ಡ್ರಮ್ಮು ಇನ್ನೊಂದರಲ್ಲಿ ಹೊರಡುತ್ತವೆ.

ಹಲಗೆಯ ವೇದಿಕೆ ಮೇಲೆ ಬೇಸ್ ಡ್ರಮ್ಮು ಒದ್ದಷ್ಟೂ ಮುಂದೆ ಸರಿಯುತ್ತದೆ, ಹಿಂದಿನಿಂದ ಕಾಲು ಚಾಚುತ್ತಾ ಡ್ರಮ್ಮರ್ ಸ್ಟೂಲಿನ ಅಂಚಿಗೆ ಬಂದಿರುತ್ತಾನೆ. ಶಾಮಿಯಾನದವರ ಹತ್ತಿರ ಒಂದು ಜಮಖಾನೆ ಇಸಿದುಕೊಂಡು ಡ್ರಮ್ಮು, ಸ್ಟೂಲು ಎರಡನ್ನೂ ಅದರ ಮೇಲೇ ಇಟ್ಟರೆ, ಕೂತವನ ಭಾರವೇ ಜಮಖಾನೆಯನ್ನು ಹಿಡಿದಿಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಸಂಜೆ 4ಕ್ಕೆ ಶ್ರುತಿ ಮಾಡಿಟ್ಟ ಸ್ನೇರ್ ಡ್ರಮ್ಮನ್ನು ರಾತ್ರಿ ಕಾರ್ಯಕ್ರಮಕ್ಕೆ ಮುಂಚೆ ಇನ್ನೊಮ್ಮೆ ತಟ್ಟಿ ನೋಡುವುದೂ ಒಳ್ಳೆಯದು.

ದೊಡ್ಡ ಗುಂಡಿ ಇರುವುದು ಕೊನೆಯಲ್ಲಿ. ರೆಕಾರ್ಡಿನಲ್ಲಿ ಎಷ್ಟೋ ಹಾಡುಗಳು ದನಿ ಇಳಿಯುತ್ತಾ ಇಳಿಯುತ್ತಾ ಮರೆಯಾಗುತ್ತವೆ. ವೇದಿಕೆಯಲ್ಲಿ ಹಾಗೆ ಮರೆಯಾಗಲು ಬರುವುದಿಲ್ಲ. ಪಲ್ಲವಿ ಸಾಲು ಮೂರು ಸಲ, ಮೂರನೆಯದಕ್ಕೆ ಕ್ರ್ಯಾಶ್ (ದೊಡ್ಡ ಲೋಹದ ತಟ್ಟೆಗೊಂದು ಏಟು) ಎಂದು ಹಾಳೆಯಲ್ಲಿ ಬರೆದಿರಬೇಕು. ಬರೆಯದಿದ್ದರೆ ಕೀಬೋರ್ಡು ಮೂರಕ್ಕೆ ನಿಲ್ಲುತ್ತದೆ, ಗಾಯಕ ನಾಲ್ಕಕ್ಕೆ, ಡ್ರಮ್ಮರ್ ಅವರಿಬ್ಬರನ್ನೂ ನೋಡಿದ ಮೇಲೆ. ಚಪ್ಪಾಳೆಗೆ ಎತ್ತಿದ ಕೈ ಇಳಿಸಬೇಕೋ ಬೇಡವೋ ತಿಳಿಯದೆ ಮದುಮಗ ಹಾಗೇ ಕೂತಿರುತ್ತಾನೆ.