ಎಂಡೋ ಪಟಗಳು ಯಾರ ಆಸ್ತಿ?

ಗೂಗಲ್‌ನಲ್ಲಿ ಎಂಡೋಸಲ್ಫಾನ್ ಅಂತ, ಅಂದರೆ ಆ ಕೀಟನಾಶಕದ ಹೆಸರು, ಟೈಪ್ ಮಾಡಿ, ಚಿತ್ರಗಳನ್ನು ನೋಡಿ. ಆ ವಿಷಕ್ಕೆ ತುತ್ತಾದ ನಮ್ಮ ಕಾಸರಗೋಡಿನ ಮಕ್ಕಳು ಕಾಣಿಸುತ್ತಾರೆ. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಕಡೆಯ ಮಕ್ಕಳು. ಊದಿದ ತಲೆ, ತಿರುಚಿದ ಕೈಕಾಲು. ಕೆಲವರ ಮೈಮೇಲೆ ಸರಿಯಾಗಿ ಬಟ್ಟೆಯೂ ಇಲ್ಲ. ಅವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಉಳಿದವರು ದೊಡ್ಡವರಾಗಿದ್ದಾರೆ. ಇಂಟರ್ನೆಟ್‌ನಲ್ಲಿ ಮಾತ್ರ ಇನ್ನೂ ಚಾಪೆಯ ಮೇಲೆಯೇ ಮಲಗಿದ್ದಾರೆ.

ಆ ಮನೆಯವರು ಈಗ ಬಂದು "ಇದನ್ನು ತೆಗೆಯಿರಿ" ಅಂದರೆ ತೆಗೆಯಲೇಬೇಕು ಅಂತ ನನ್ನ ಅಭಿಪ್ರಾಯ. ಎಂಡೋ ಪೀಡಿತರ ಹೋರಾಟದಲ್ಲಿದ್ದ ಕೆಲವು ಗೆಳೆಯರಿಗೆ ಈ ಮಾತು ಹಿಡಿಸುವುದಿಲ್ಲ, ಗೊತ್ತು.

ಪಟಗಳಿಂದಲೇ ನ್ಯಾಯ ಸಿಕ್ಕಿತು ಎಂಬ ಅವರ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ ತನ್ನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೂ ಹೆಲಿಕಾಪ್ಟರಿನಿಂದ ಈ ವಿಷ ಸುರಿಸಿತು. ಡಾ. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳನ್ನು ನೋಡಿ ಎಚ್ಚರಿಸಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಆದರೂ ಹೊರಗಿನ ಜನ ನಿಜವಾಗಿ ಬೆಚ್ಚಿಬಿದ್ದದ್ದು ಪಟ ನೋಡಿದ ಮೇಲೆಯೇ. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಮ್ಮ ದೇಶದಲ್ಲಿ ತಡೆಯಿತು. 2017ರ ಜನವರಿಯಲ್ಲಿ, ಪೀಡಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು. ಅಷ್ಟಾದರೂ 2019ರಲ್ಲಿ ಅಮ್ಮಂದಿರು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಉಪವಾಸ ಕೂರಬೇಕಾಯಿತು. ಪಟಗಳಿಲ್ಲದಿದ್ದರೆ ಇಷ್ಟೂ ಆಗುತ್ತಿರಲಿಲ್ಲ, ಒಪ್ಪೋಣ.

ಆದರೆ ನಮ್ಮ ಕಡೆಯ ಒಬ್ಬರು ಅಕ್ಕ ಕೇಳಿದ ಪ್ರಶ್ನೆಗೆ ಈ ವಾದದಲ್ಲಿ ಉತ್ತರ ಇಲ್ಲ. "ಮಾಷ್ಟ್ರೇ, ಆ ಪಟ ತೆಗೆಸ್ಲಿಕ್ಕೆ ಆಗ್ತದಾ?" ಅಂತ ಕೇಳಿದರು. ಮಗನ ಪಟ. ಮಗ ಹೋಗಿ ವರ್ಷಗಳಾದವು. ಈಗ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಗಂಡಿನ ಕಡೆಯವರೊಬ್ಬರು ಮೊಬೈಲಿನಲ್ಲಿ ಆ ಪಟ ತೋರಿಸಿ, "ಇದು ನಿಮ್ಮ ಮನೆಯಲ್ವಾ?" ಅಂದರಂತೆ. ಮಾತು ಅಲ್ಲಿಗೇ ನಿಂತಿತು. ಸರಕಾರದ ಎಂಡೋ ಪೀಡಿತರ ಪಟ್ಟಿಯಲ್ಲಿರುವ ಮನೆ ಅಂದರೆ ಹೆಣ್ಣು ಕೊಡಲೂ ತರಲೂ ಹಿಂಜರಿಯುವುದು ಇಲ್ಲಿ ಹೊಸದಲ್ಲ. ಆ ಹಿಂಜರಿಕೆಯೇ ತಪ್ಪು, ಅದಕ್ಕೆ ಬೇರೆಯೇ ಬರೆಯಬೇಕು. ಆದರೆ ಸಮಾಜ ಸುಧಾರಿಸುವ ತನಕ ಆ ಹುಡುಗಿ ಕಾಯಬೇಕಾ?

ಪಟ ತೆಗೆದ ದಿನ ಒಪ್ಪಿಗೆ ಕೊಟ್ಟದ್ದು ಅಮ್ಮ. ಇದರಿಂದ ಪರಿಹಾರ ಸಿಗುತ್ತದೆ ಅಂತ ಬಂದವರು ಹೇಳಿದ್ದರು. ಪೇಪರಿನಲ್ಲಿ ಬರುವ ಪಟ ಅಂತ ಅವರು ತಿಳಿದಿದ್ದರು. ಪೇಪರ್ ಅಂದರೆ ಮರುದಿನ ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುವ ಕಾಗದ. ಮಗನನ್ನಂತೂ ಯಾರೂ ಕೇಳಲಿಲ್ಲ. ಮಗಳು ಆಗ ಸಣ್ಣವಳು.

ಕಾನೂನು ಏನು ಹೇಳುತ್ತದೆ ಅಂತ ಓದಿಕೊಂಡೆ. 2014ರ ಮೇನಲ್ಲಿ ಯುರೋಪಿನ ನ್ಯಾಯಾಲಯ ಸ್ಪೇನಿನ ಒಬ್ಬರ ಪರವಾಗಿ ತೀರ್ಪು ಕೊಟ್ಟಿತು. ಅವರ ಬಾಕಿ ವಸೂಲಿಗೆ ಆಸ್ತಿ ಹರಾಜು ಹಾಕುವ ಪ್ರಕಟಣೆ 1998ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ಬಾಕಿ ಮುಗಿದರೂ ಹೆಸರು ಹುಡುಕಿದರೆ ಗೂಗಲ್‌ನಲ್ಲಿ ಅದೇ ಬರುತ್ತಿತ್ತು. ಆ ಹೆಸರಿಗೆ ಆ ಕೊಂಡಿ ತೋರಿಸಬೇಡಿ ಎಂದಿತು ಕೋರ್ಟು. ಪತ್ರಿಕೆಯ ಪುಟ ಹಾಗೆಯೇ ಉಳಿಯಿತು. (ಪಾಪ, ಈಗ ಅವರ ಹರಾಜಿನ ಕಥೆ ಕಾನೂನು ಓದುವವರಿಗೆಲ್ಲ ಬಾಯಿಪಾಠ.) ಆದರೆ ಇದು ಹೆಸರು ಹುಡುಕುವವರಿಗೆ ಮಾಡಿದ ತಡೆ. ನಮ್ಮ ಮಕ್ಕಳ ಪಟ ಹುಡುಕಲು ಹೆಸರೇ ಬೇಡ. ಎಂಡೋಸಲ್ಫಾನ್, ಕಾಸರಗೋಡು ಅಂದರೆ ಸಾಕು. ಊರಿನವರಿಗೆ ಮುಖ ನೋಡಿದ ಕೂಡಲೇ ಮನೆ ಗೊತ್ತಾಗುತ್ತದೆ.

18 ವರ್ಷದೊಳಗಿನವರ ಪಟವನ್ನು ಹುಡುಕಾಟದಿಂದ ತೆಗೆಸಲು ಗೂಗಲ್ 2021ರಲ್ಲಿ ದಾರಿ ಮಾಡಿತು. ಒಳ್ಳೆಯದೇ. ಆದರೆ ಅಂದಿನ ಮಕ್ಕಳು ಇಂದು ಮಕ್ಕಳಲ್ಲ. ಅದೂ ಅಲ್ಲದೆ ಸಾರ್ವಜನಿಕ ಹಿತ, ಸುದ್ದಿಯ ಮಹತ್ವ ಇದ್ದರೆ ಕೊಡುವುದಿಲ್ಲ ಅಂತ ಷರತ್ತು ಬೇರೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನು ಈ ವಿಷಯದಲ್ಲಿ ಮೇಲು. ಚಿಕ್ಕವರಿದ್ದಾಗ ಕೊಟ್ಟ ಒಪ್ಪಿಗೆಯನ್ನು ದೊಡ್ಡವರಾದ ಮೇಲೂ ಹಿಂದಕ್ಕೆ ಪಡೆಯಬಹುದು ಅಂತ ಅದು ಬಿಡಿಸಿ ಹೇಳುತ್ತದೆ.

ನಮ್ಮಲ್ಲಿ 2023ರ ದತ್ತಾಂಶ ರಕ್ಷಣೆ ಕಾಯ್ದೆ ಇದೆ. ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು, ಅಳಿಸಿ ಅನ್ನಬಹುದು ಅಂತ ಅದರಲ್ಲಿ ಬರೆದಿದೆ. ಕೇಳಲು ಚೆನ್ನಾಗಿದೆ. ಆದರೆ ವ್ಯಕ್ತಿ ತಾನೇ ಬಹಿರಂಗ ಮಾಡಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತಲೂ ಅದರಲ್ಲೇ ಇದೆ. ಕ್ಯಾಮೆರಾ ಎದುರು ಮಗುವನ್ನು ಎತ್ತಿ ತೋರಿಸಿದ ತಾಯಿ "ತಾನೇ ಬಹಿರಂಗ ಮಾಡಿದಳು" ಅಂತ ನಾಳೆ ಯಾವುದೋ ವಕೀಲರು ವಾದಿಸಿದರೆ ನನಗೆ ಆಶ್ಚರ್ಯವಿಲ್ಲ. ನನ್ನ ಪ್ರಕಾರ ಅದು ಬೇರೆ ದಾರಿಯಿಲ್ಲದೆ ಮಾಡಿದ ಕೆಲಸ. ಸರಕಾರ ಮೊದಲೇ ಕಿವಿಗೊಟ್ಟಿದ್ದರೆ ಯಾವ ತಾಯಿ ಹಾಗೆ ಮಾಡುತ್ತಿದ್ದಳು?

ಹಾಗಾದರೆ ಸಾಕ್ಷಿಯೇ ಅಳಿಸಿ ಹೋಗುವುದಿಲ್ಲವಾ ಅಂತ ಕೇಳುತ್ತಾರೆ. ಇಲ್ಲ. ಯಾರು ಸುರಿಸಿದರು, ಎಷ್ಟು ವರ್ಷ ಸುರಿಸಿದರು, ಯಾವ ಮಂತ್ರಿ ಏನು ಹೇಳಿದರು, ಕೋರ್ಟಿನ ಆದೇಶ, ವೈದ್ಯಕೀಯ ವರದಿ, ಇದರಲ್ಲಿ ಒಂದಕ್ಷರವೂ ಹೋಗಬಾರದು. ಕಾರ್ಪೊರೇಷನ್ನಿಗಾಗಲೀ ಅಧಿಕಾರಿಗಾಗಲೀ ಅಳಿಸುವ ಹಕ್ಕು ಬೇಡ. ಸಾರ್ವಜನಿಕ ಜೀವನದಲ್ಲಿರುವವರ ವಿಷಯ ತಿಳಿಯುವ ಹಕ್ಕು ಜನರಿಗಿದೆ ಅಂತ 2014ರ ಆ ತೀರ್ಪು ಕೂಡ ಹೇಳುತ್ತದೆ. ಪಟಗಳನ್ನು ಸುಡಿ ಅಂತಲೂ ನಾನು ಹೇಳುತ್ತಿಲ್ಲ. ಮೂಲ ಪ್ರತಿ ಪತ್ರಿಕೆಯ ಕಪಾಟಿನಲ್ಲಿರಲಿ, ಸಂಶೋಧನೆಗೆ ಬೇಕಾದವರು ಅಲ್ಲಿ ಹೋಗಿ ನೋಡಲಿ. ಎಲ್ಲರ ಮೊಬೈಲಿನಲ್ಲಿ ಯಾಕೆ?

ಆ ಅಕ್ಕನ ಪರವಾಗಿ ಒಂದು ಸುದ್ದಿತಾಣಕ್ಕೆ ಬರೆದೆ. "ಐತಿಹಾಸಿಕ ಮಹತ್ವದ ಚಿತ್ರ, ತೆಗೆಯಲಾಗದು" ಅಂತ ಉತ್ತರ ಬಂತು. ಮುಖ ಮಸುಕು ಮಾಡಿ ಅಂತ ಪುನಃ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ನಮ್ಮ ಜಿಲ್ಲೆಯ ಪೇಜ್‌ಗಳನ್ನು ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಪ್ರತಿ ಧರಣಿಗೂ ಅದೇ ಹಳೇ ಪಟ ಹಾಕುತ್ತೀರಿ. ಅದರಲ್ಲಿರುವವರ ಮನೆ ನಿಮ್ಮಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರವೂ ಇರಲಿಕ್ಕಿಲ್ಲ. ಹೋಗಿ ಕೇಳಿ. ಬೇಡ ಅಂದರೆ ಡಿಲೀಟ್ ಮಾಡಿ. ಹಾಕಿ ಅಂದರೆ ಹಾಕಿ, ಹಾಗೆ ಹೇಳುವ ಅಮ್ಮಂದಿರೂ ಇದ್ದಾರೆ.